‘ಹುಚ್ಚರ ಡಾಕ್ಟರ್’ ಹತ್ತಿರ ಮಗನನ್ನು ಒಯ್ಯಬೇಕಾ?

ಪ್ರಶ್ನೆ: ನಮ್ಮದು ಸಿಂಧನೂರು. ಮಗನಿಗೆ ಎರಡೂವರೆ ವರ್ಷ. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಬಾಟಲಿ ಮುಚ್ಚಳ ಸಾಲಾಗಿ ಜೋಡಿಸುತ್ತ ಕೂರುತ್ತಾನೆ. ಮೊದಲು ‘ಅವ್ವ’, ‘ನೀರು’ ಅನ್ನುತ್ತಿದ್ದ, ಈಗ ಅದೂ ಇಲ್ಲ. ಮಕ್ಕಳ ವೈದ್ಯರು ಮನೋವೈದ್ಯರಿಗೆ ತೋರಿಸಿ ಎಂದರು. ಅತ್ತೆ ಬಿಡುತ್ತಿಲ್ಲ. ‘ಅವರಪ್ಪನೂ ನಾಕು ವರ್ಷಕ್ಕೇ ಮಾತಾಡಿದ್ದು. ಹುಚ್ಚರ ಡಾಕ್ಟರ್ ಹತ್ರ ಒಯ್ದರೆ ಊರೆಲ್ಲ ಸುದ್ದಿ’ ಅಂತಾರೆ. ನಾನು ಮೊಬೈಲ್ ಕೊಟ್ಟಿದ್ದರಿಂದ ಹೀಗಾಯ್ತಾ?
– ಹೆಸರು ಬೇಡ

ಉತ್ತರ: ಕೆಲವು ಮಕ್ಕಳು ತಡವಾಗಿ ಮಾತಾಡುವುದು ನಿಜ. ಆದರೆ ಬಂದ ಮಾತು ಹೋಗುವುದು ಬೇರೆ ವಿಷಯ. ಅದಕ್ಕೆ ಕಾಯಬಾರದು.

ಮಕ್ಕಳ ವೈದ್ಯರಿಗೆ ಬಹುಶಃ ಆಟಿಸಂ ಅನುಮಾನ ಬಂದಿದೆ. ಅಂದರೆ ಮಗು ಮಾತಾಡುವ, ಇತರರ ಜೊತೆ ಬೆರೆಯುವ ರೀತಿ ಬೇರೆಯಾಗಿರುವ ಸ್ಥಿತಿ. ಮೊಬೈಲ್‌ನಿಂದ ಅದು ಬರುವುದಿಲ್ಲ, ಲಸಿಕೆಯಿಂದಲೂ ಇಲ್ಲ. ಲಸಿಕೆಯನ್ನು ದೂರಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಮೊಬೈಲ್ ಕಡಿಮೆ ಮಾಡಿ, ಮಾತಾಡಲು, ಆಡಲು ಹೊತ್ತು ಸಿಗುತ್ತದೆ. ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ಮಾತ್ರ ನಿಲ್ಲಿಸಿ.

ಮಗನಿಗೆ ಆಟಿಸಂ ಇದೆ ಎಂದು ಪತ್ರ ಓದಿ ಹೇಳಲಾರೆ. ಮೊದಲು ಕಿವಿ ಪರೀಕ್ಷೆ ಆಗಲಿ. ಆಟಿಸಂ ಗುರುತಿಸಲು ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ವೈದ್ಯರು ಮಗು ಆಡುವುದನ್ನು ನೋಡುತ್ತಾರೆ. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನಾ, ಖುಷಿಯಾದರೆ ನಿಮಗೂ ತಂದು ತೋರಿಸುತ್ತಾನಾ, ದಿನದ ರೂಢಿ ತಪ್ಪಿದರೆ ರಂಪ ಮಾಡುತ್ತಾನಾ ಎಂದೆಲ್ಲ ಮನೆಯವರನ್ನು ವಿಚಾರಿಸುತ್ತಾರೆ. ಭಾರತದ ಮಕ್ಕಳಿಗೆಂದೇ ಮಾಡಿದ ‘ಐಸಾ’ ಎಂಬ ಅಳತೆಪಟ್ಟಿಯೂ ಇದೆ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಸರ್ಕಾರಿ ‘ಶೀಘ್ರ ಮಧ್ಯಸ್ಥಿಕೆ ಕೇಂದ್ರ’ದ ಬಗ್ಗೆಯೂ ಅಲ್ಲೇ ಕೇಳಿ, ಅಲ್ಲಿನ ಸೇವೆ ಉಚಿತ. ಗೊಂದಲ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ.

ಆಟಿಸಂ ಇದೆ ಎಂದಾದರೂ ಅದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ರಿಸ್ಪೆರಿಡೋನ್‌ನಂಥ ಔಷಧಿ ಕೊಡುವುದು ವಿಪರೀತ ಸಿಟ್ಟು, ತನ್ನನ್ನೇ ಹೊಡೆದುಕೊಳ್ಳುವುದು ಇದ್ದಾಗ. ಉಳಿದಂತೆ ಮಾತಿನ ತರಬೇತಿ, ನಡವಳಿಕೆ ಕಲಿಸುವುದು, ಅಪ್ಪ ಅಮ್ಮನಿಗೂ ತರಬೇತಿ. ಚಿಕ್ಕ ವಯಸ್ಸಿಗೇ ಶುರುವಾದರೆ ಅನುಕೂಲ ಜಾಸ್ತಿ. ಕೆಲಸದ ಬಹುಪಾಲು ನಿಮ್ಮ ಮನೆಯಲ್ಲೇ, ಊಟ ಸ್ನಾನದ ಹೊತ್ತಲ್ಲೇ ನಡೆಯುತ್ತದೆ. ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಪೂರ್ತಿ ಗುಣ ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಸುಮ್ನೆ ಎದ್ದು ಬನ್ನಿ. ಹೊಲ ಮಾರಿ ಕೊಡುವವರೂ ಇದ್ದಾರೆ, ನೋಡಿದರೆ ಸಂಕಟ.

ಆಟಿಸಂ ಹುಚ್ಚಲ್ಲ, ಮಿದುಳು ಬೆಳೆಯುವ ರೀತಿಯ ವ್ಯತ್ಯಾಸ. ಅತ್ತೆಗೆ ಇದನ್ನು ನೀವು ಹೇಳಿದರೆ ಜಗಳವಾದೀತು, ವೈದ್ಯರೇ ಹೇಳಲಿ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ‘ನಿಮ್ಮಷ್ಟು ಚೆನ್ನಾಗಿ ಅವನನ್ನು ಬಲ್ಲವರು ಯಾರು, ಡಾಕ್ಟರ್ ಕೇಳಿದ್ದಕ್ಕೆ ನೀವೇ ಹೇಳಬೇಕು’ ಅಂದು ನೋಡಿ. ಅವನು ಆಡುವಾಗ, ನೀವು ಕರೆದಾಗ ಏನು ಮಾಡುತ್ತಾನೆ ಎಂದು ಫೋನಿನಲ್ಲಿ ನಾಲ್ಕಾರು ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮಕ್ಕಳು ಬೇರೆ ಥರವೇ ಇರುತ್ತಾರೆ.