ಗಾಲ್ಫ್ ಪ್ರಶ್ನೋತ್ತರ: ವರ್ಷಗಳ ಬಳಿಕ ಮತ್ತೆ ಐರನ್ ಹಿಡಿಯುವವರಿಗೆ

ಪ್ರಶ್ನೆ: ನನಗೀಗ 58 ವರ್ಷ. ಬ್ಯಾಂಕ್ ನೌಕರಿಯ ವರ್ಗಾವಣೆಗಳಿಂದಾಗಿ 2007ರಲ್ಲಿ ಗಾಲ್ಫ್ ಬಿಟ್ಟೆ. ಈಗ ಸ್ವಯಂನಿವೃತ್ತಿ ಪಡೆದು ಮೈಸೂರಿಗೆ ಮರಳಿದ್ದೇನೆ, ಮತ್ತೆ ಆಡಬೇಕೆಂಬ ಆಸೆಯಿದೆ. ಆಟ ಬಿಡುವಾಗ ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಸೂಚಿಸುವ ಅಂಕ, ಕಡಿಮೆಯಿದ್ದಷ್ಟೂ ಉತ್ತಮ) 14 ಇತ್ತು. 2002ರಲ್ಲಿ ಕೊಂಡ, 3ರಿಂದ ಪಿಚಿಂಗ್ ವೆಜ್‌ವರೆಗಿನ ಫೋರ್ಜ್ಡ್ (ಲೋಹ ಬಡಿದು ರೂಪಿಸಿದ) ಐರನ್‌ಗಳು, ಅಂದರೆ ಲೋಹದ ತಲೆಯ ಕ್ಲಬ್‌ಗಳು, ಭಾರದ ಸ್ಟೀಲ್ ಶಾಫ್ಟ್‌ಗಳೊಂದಿಗೆ (ಕೋಲುಗಳೊಂದಿಗೆ) ಅಟ್ಟದ ಮೇಲಿವೆ. ಕಳೆದ ತಿಂಗಳು ಸ್ನೇಹಿತರೊಬ್ಬರ ಹೊಸ 7 ಐರನ್‌ನಲ್ಲಿ ಹೊಡೆದಾಗ ಚೆಂಡು ನನ್ನ ಹಳೆಯ 7 ಐರನ್‌ಗಿಂತ ಸುಮಾರು 20 ಗಜ ಮುಂದೆ ಬಿತ್ತು. ಹಳೆಯ ಸೆಟ್ಟನ್ನೇ ಮುಂದುವರಿಸಲೇ, ಹೊಸದನ್ನು ಕೊಳ್ಳಲೇ? ಕೊಳ್ಳುವುದಾದರೆ ಏನನ್ನು ನೋಡಬೇಕು?
– ಓದುಗರು, ಮೈಸೂರು

ಉತ್ತರ: ಆ 20 ಗಜಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಹಳ ವರ್ಷಗಳ ನಂತರ ಆಟಕ್ಕೆ ಮರಳುವವರು ಮೊದಲು ಎಡವುವುದು ಅಲ್ಲಿಯೇ. ನೀವು 2002ರಲ್ಲಿ ಕೊಂಡ ಬಗೆಯ ಫೋರ್ಜ್ಡ್ ಸೆಟ್‌ಗಳಲ್ಲಿ 7 ಐರನ್‌ನ ಲಾಫ್ಟ್, ಅಂದರೆ ಮುಖದ ಓರೆ (ಇದೂ ಐರನ್‌ನ ಸಂಖ್ಯೆಯೂ ಕಡಿಮೆಯಾದಷ್ಟು ಚೆಂಡು ತಗ್ಗಾಗಿ, ದೂರ ಹೋಗುತ್ತದೆ), ಸಾಮಾನ್ಯವಾಗಿ 34 ಅಥವಾ 35 ಡಿಗ್ರಿ ಇರುತ್ತಿತ್ತು. ಇಂದು ಸಾಮಾನ್ಯ ಆಟಗಾರರಿಗೆಂದು ತಯಾರಾಗುವ ಐರನ್‌ಗಳಲ್ಲಿ ಅದೇ 7ರ ಲಾಫ್ಟ್ 28ರಿಂದ 30 ಡಿಗ್ರಿಗೆ ಇಳಿದಿದೆ, ಶಾಫ್ಟ್ ಕೂಡ ಕಾಲಿಂಚಿನಿಂದ ಅರ್ಧ ಇಂಚಿನಷ್ಟು ಉದ್ದವಾಗಿದೆ. ನೀವು ಹೊಡೆದದ್ದು ತಳದಲ್ಲಿ 7 ಎಂದು ಬರೆದಿರುವ, ಆದರೆ ನಿಮ್ಮ ಹಳೆಯ 6ಕ್ಕೂ 5ಕ್ಕೂ ನಡುವೆ ಎಲ್ಲಿಯೋ ನಿಲ್ಲುವ ಒಂದು ಕ್ಲಬ್. ಆದ್ದರಿಂದ ನಿಮ್ಮ 7ನ್ನು ಸ್ನೇಹಿತರ 7ರೊಂದಿಗೆ ಹೋಲಿಸಬೇಡಿ, ನಿಮ್ಮ 6ರೊಂದಿಗೆ ಹೋಲಿಸಿ ನೋಡಿ. ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ.

ಇದರಲ್ಲಿ ಮೋಸವೇನೂ ಇಲ್ಲ. ಹೊಸ ಐರನ್‌ಗಳ ಮುಖ ತೆಳುವಾಗಿದ್ದು, ತೂಕವನ್ನು ತಳಕ್ಕೂ ಅಂಚುಗಳಿಗೂ ಹಂಚಿರುವುದರಿಂದ ಚೆಂಡು ತಾನಾಗಿಯೇ ಹೆಚ್ಚು ಎತ್ತರಕ್ಕೆ ಏಳುತ್ತದೆ. ಲಾಫ್ಟನ್ನು ಹಿಂದಿನಷ್ಟೇ ಉಳಿಸಿಕೊಂಡರೆ ಚೆಂಡು ಆಕಾಶಕ್ಕೆ ಏರಿ ಮುಂದೆ ಹೋಗದೆ ಉಳಿಯುತ್ತದೆಂದು ತಯಾರಕರು ಓರೆಯನ್ನು ಕಡಿಮೆ ಮಾಡುತ್ತ ಬಂದರು. ‘ಈ 7 ಹೆಚ್ಚು ದೂರ ಹೋಗುತ್ತದೆ’ ಎಂಬ ಮಾತು ಅಂಗಡಿಯಲ್ಲಿ ಕ್ಲಬ್ ಮಾರಿಕೊಡುತ್ತದೆ ಎಂಬುದೂ ಅಷ್ಟೇ ನಿಜ. ಕೊಳ್ಳುವವರು ತಿಳಿದಿರಬೇಕಾದದ್ದು ಇಷ್ಟು: ತಳದ ಸಂಖ್ಯೆಗೆ ಯಾವ ನಿಯಮದ ಕಟ್ಟುಪಾಡೂ ಇಲ್ಲ. ಯಾವ ಸೆಟ್ ನೋಡಿದರೂ ಲಾಫ್ಟ್ ಪಟ್ಟಿಯನ್ನು ಕೇಳಿ ಪಡೆದು, ಡಿಗ್ರಿಯಿಂದ ಡಿಗ್ರಿಗೆ ಹೋಲಿಸಿ.

ಇನ್ನು ನಿಮ್ಮ ಹಳೆಯ ಸೆಟ್‌ನ ವಿಚಾರ. ಅದನ್ನು ಅಟ್ಟದಿಂದ ಇಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ, 7 ಐರನ್‌ನ ಮುಖವನ್ನು ಬೆಳಕಿಗೆ ಹಿಡಿಯಿರಿ. ಗ್ರೂವ್‌ಗಳ (ಮುಖದ ಮೇಲಿನ ಗೀರುಗಳ) ನಡುವೆ ಲೋಹ ಸವೆದು ಮಂಕಾದ ಗುರುತೊಂದು ಕಾಣುತ್ತದೆ. ಅದು ಒಂದು ರೂಪಾಯಿ ನಾಣ್ಯದಷ್ಟು ಅಗಲದಲ್ಲಿ, ಮುಖದ ಮಧ್ಯಕ್ಕೆ ಸಮೀಪವಾಗಿದ್ದರೆ ನೀವು ಚೆಂಡನ್ನು ಒಂದೇ ಜಾಗದಲ್ಲಿ ತಾಗಿಸುತ್ತಿದ್ದಿರಿ ಎಂದರ್ಥ. ತುದಿಯಿಂದ ಬುಡದವರೆಗೆ ಚದುರಿದ್ದರೆ, ಆ ಕಾಲದಲ್ಲಿಯೂ ಆ ಸೆಟ್ ನಿಮಗೆ ಸ್ವಲ್ಪ ಕಠಿಣವೇ ಆಗಿತ್ತು. ಈ ಗುರುತು ನಿಮ್ಮ ಹಳೆಯ ಆಟವನ್ನು ನಿಮ್ಮ ನೆನಪಿಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ.

ಬಳಿಕ ಹಿಡಿಕೆಯನ್ನು ಮುಟ್ಟಿ ನೋಡಿ. ಹದಿನೈದು ವರ್ಷ ಮೀರಿದ ರಬ್ಬರ್ ಗಾಜಿನಂತೆ ನುಣುಪಾಗಿ ಗಟ್ಟಿಯಾಗಿರುತ್ತದೆ. ಅಂಥ ಗ್ರಿಪ್‌ನಲ್ಲಿ ಕ್ಲಬ್ ಜಾರದಿರಲೆಂದು ಕೈ ತಾನಾಗಿ ಬಿಗಿಯುತ್ತದೆ, ಬಿಗಿದ ಕೈ ಮೊಣಕೈಯನ್ನೂ ಭುಜವನ್ನೂ ಬಿಗಿಯುತ್ತದೆ. ಹೊಸ ಸೆಟ್ ಕೊಂಡರೂ ಕೊಳ್ಳದಿದ್ದರೂ, ಹಳೆಯ ಸೆಟ್‌ನ 6, 8 ಮತ್ತು ಪಿಚಿಂಗ್ ವೆಜ್ ಮೂರಕ್ಕೆ ಈಗಲೇ ಹೊಸ ಗ್ರಿಪ್ ಹಾಕಿಸಿ. ಮೊದಲ ಆರರಿಂದ ಎಂಟು ವಾರ ನಿಮಗೆ ಬೇಕಾಗುವುದು ಆ ಮೂರು ಮಾತ್ರ.

ಏಕೆ ಅಷ್ಟು ವಾರ ಕಾಯಬೇಕು ಎಂಬುದನ್ನು ನನ್ನ ಅನುಭವದಿಂದಲೇ ಹೇಳಬಲ್ಲೆ. ಒಂಬತ್ತು ವರ್ಷಗಳ ವಿರಾಮದ ನಂತರ ಮರಳಿದಾಗ ನಾನು ಎರಡನೆಯ ವಾರದಲ್ಲಿಯೇ ಐರನ್ ಕೊಂಡೆ. ನಲವತ್ತರ ವಯಸ್ಸಿನಲ್ಲಿ ಬಳಸುತ್ತಿದ್ದ ಸ್ಟಿಫ್ (ಹೆಚ್ಚು ಬಿಗಿಯಾದ) ಶಾಫ್ಟನ್ನೇ, ಅದೇ ತೂಕದಲ್ಲಿ ಕೇಳಿ ಪಡೆದೆ. ಮೊದಲ ಹದಿನೈದು ಹೊಡೆತ ಚೆನ್ನಾಗಿರುತ್ತಿದ್ದವು. ಹನ್ನೆರಡನೆಯ ಹೋಲ್ ದಾಟುವಷ್ಟರಲ್ಲಿ ಚೆಂಡು ಬಲಕ್ಕೆ, ತಗ್ಗಾಗಿ ಹೋಗತೊಡಗುತ್ತಿತ್ತು. ನಾಲ್ಕು ತಿಂಗಳಲ್ಲಿ ಎಡ ಮೊಣಕೈ ನೋವು ಶುರುವಾಯಿತು. ನಾನು ಕೊಂಡದ್ದು ನೆನಪಿನಲ್ಲಿದ್ದ ಸ್ವಿಂಗ್‌ಗೆ, ಆಡಬೇಕಾದದ್ದು ಇದ್ದ ದೇಹದಲ್ಲಿ. ಮರಳಿ ಬಂದವರ ಸ್ವಿಂಗ್ ಮೊದಲ ಎರಡು ತಿಂಗಳಲ್ಲಿ ವಾರದಿಂದ ವಾರಕ್ಕೆ ಬದಲಾಗುತ್ತದೆ. ಸೊಂಟ ಸಡಿಲಗೊಂಡಂತೆ ವೇಗ ಕೊಂಚ ಮರಳುತ್ತದೆ, ಆಮೇಲೆ ಒಂದು ಹಂತದಲ್ಲಿ ನಿಲ್ಲುತ್ತದೆ. ಅಳತೆ ಮಾಡಿಸಬೇಕಾದದ್ದು ಆ ನಿಂತ ಸ್ವಿಂಗನ್ನು.

ಕೊಳ್ಳುವ ಹೊತ್ತು ಬಂದಾಗ ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಶಾಫ್ಟ್‌ನ ತೂಕವೆಂದು ನಾನು ದೃಢವಾಗಿ ನಂಬುತ್ತೇನೆ. ನಿಮ್ಮ ಹಳೆಯ ಸೆಟ್‌ನಂಥವುಗಳ ಸ್ಟೀಲ್ ಶಾಫ್ಟ್ ಸುಮಾರು 125ರಿಂದ 130 ಗ್ರಾಂ ತೂಗುತ್ತದೆ. ಇಂದು 95ರಿಂದ 105 ಗ್ರಾಂನ ಹಗುರ ಸ್ಟೀಲ್ ಸುಲಭವಾಗಿ ಸಿಗುತ್ತದೆ. 60ರಿಂದ 80 ಗ್ರಾಂನ ಗ್ರಾಫೈಟ್ ಕೂಡ ಇದೆ. ನೀವು ಆಡುತ್ತಿದ್ದ ಕಾಲದಲ್ಲಿ ಐರನ್‌ಗೆ ಗ್ರಾಫೈಟ್ ಎಂದರೆ ವಯೋವೃದ್ಧರಿಗೆ ಎಂಬ ಭಾವನೆ ಕ್ಲಬ್‌ಹೌಸ್‌ಗಳಲ್ಲಿ ಇತ್ತು, ಅದನ್ನು ಬಿಟ್ಟುಬಿಡಿ. ಭುಜ ಅಥವಾ ಮೊಣಕೈಯಲ್ಲಿ ಹಳೆಯ ನೋವು ಇರುವವರಿಗೆ, ಗಟ್ಟಿ ನೆಲಕ್ಕೆ ತಾಗಿದಾಗಿನ ಅದುರನ್ನು ತಗ್ಗಿಸುವುದರಿಂದಲೂ ಅದು ಒಳ್ಳೆಯ ಆಯ್ಕೆ. ನೋವಿಲ್ಲದಿದ್ದರೆ, 14ರ ಹ್ಯಾಂಡಿಕ್ಯಾಪ್‌ನಲ್ಲಿ ಆಡಿದ ನಿಮ್ಮ ಕೈಗೆ ಹಗುರ ಸ್ಟೀಲ್ ಹೆಚ್ಚು ಪರಿಚಿತವೆನಿಸಬಹುದು. ಬಿಗುವಿನ ಮಟ್ಟದಲ್ಲಿ ‘ರೆಗ್ಯುಲರ್’ನಿಂದ ಆರಂಭಿಸಿ. 30 ಡಿಗ್ರಿಯ ಐರನ್‌ನಲ್ಲಿ ನಿಮ್ಮ ಚೆಂಡು ಗಾಳಿಯಲ್ಲಿ 120 ಗಜವನ್ನೂ ದಾಟದಿದ್ದರೆ ಅದಕ್ಕಿಂತ ಮೃದುವಾದುದನ್ನು ಹೊಡೆದು ನೋಡಲು ಸಂಕೋಚ ಬೇಡ.

ಕ್ಲಬ್‌ನ ತಲೆಯ ಆಕಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೂಕವನ್ನು ಅಂಚುಗಳಿಗೆ ಹಂಚಿದರೆ ಮಧ್ಯಕ್ಕೆ ತಾಗದ ಹೊಡೆತವೂ ಅಷ್ಟಾಗಿ ಕೆಡುವುದಿಲ್ಲ ಎಂಬುದನ್ನು ಪಿಂಗ್ ಕಂಪನಿ ಸ್ಥಾಪಿಸಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1960ರ ದಶಕದಲ್ಲಿಯೇ ತೋರಿಸಿದ್ದರು. 1982ರಲ್ಲಿ ಬಂದ ಅವರ ಐ2 ಐರನ್‌ಗಳನ್ನು ಇಂದಿಗೂ ಕೆಲವು ಹಿರಿಯರ ಬ್ಯಾಗ್‌ಗಳಲ್ಲಿ ಕಾಣಬಹುದು. ಇಂದಿನ ಮಧ್ಯಮ ಗಾತ್ರದ ಕ್ಯಾವಿಟಿ ಬ್ಯಾಕ್ (ಹಿಂಬದಿ ತಗ್ಗಾಗಿ ಕೊರೆದ) ಐರನ್‌ಗಳು ಅದೇ ವಿಚಾರದ ಮುಂದುವರಿಕೆ. ಅತಿ ದಪ್ಪ ತಳದ, ಅತಿ ಬಲವಾದ, ಅಂದರೆ ಡಿಗ್ರಿ ತೀರ ಕಡಿಮೆಯಿರುವ, ಲಾಫ್ಟ್‌ನ ಸೆಟ್‌ಗಳತ್ತ ಮಾತ್ರ ಎಚ್ಚರಿಕೆಯಿಂದ ನೋಡಿ. ನಿಧಾನವಾದ ಸ್ವಿಂಗ್‌ಗೆ 27–28 ಡಿಗ್ರಿಯ 7 ಐರನ್ ಕೊಟ್ಟರೆ ಚೆಂಡು ತಗ್ಗಾಗಿ ಹಾರಿ, ಗ್ರೀನ್‌ಗೆ (ಗುಳಿಯಿರುವ ನುಣುಪು ಹುಲ್ಲಿನ ಅಂಗಳಕ್ಕೆ) ಬಿದ್ದು, ಅದರ ಹಿಂಬದಿಯನ್ನು ದಾಟಿ ಉರುಳಿಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ಗಟ್ಟಿಯಾದ ಗ್ರೀನ್‌ನಲ್ಲಿ ಇದು ಇನ್ನೂ ಹೆಚ್ಚು. ನಿಮಗೆ ಬೇಕಾದದ್ದು ಎತ್ತರದಿಂದ ಇಳಿದು ಬಿದ್ದಲ್ಲಿಯೇ ಎರಡು ಹೆಜ್ಜೆಯೊಳಗೆ ನಿಲ್ಲುವ ಚೆಂಡು. ಅದಕ್ಕಾಗಿ ಹತ್ತು ಗಜ ಬಿಟ್ಟುಕೊಡಬೇಕಾದರೆ ಬಿಟ್ಟುಕೊಡಿ, ಒಂದು ಕ್ಲಬ್ ಹೆಚ್ಚು ತೆಗೆದುಕೊಂಡರಾಯಿತು.

ಪರೀಕ್ಷೆಯನ್ನು ಹುಲ್ಲಿನ ಮೇಲೆಯೇ ಮಾಡಿ. ರೇಂಜ್‌ನ (ಅಭ್ಯಾಸದ ಜಾಗದ) ಮ್ಯಾಟ್ ಮೇಲೆ ಕ್ಲಬ್ ಒಂದಂಗುಲ ಹಿಂದೆ ನೆಲಕ್ಕೆ ತಾಗಿದರೂ ಜಾರಿ ಮುಂದೆ ಬರುತ್ತದೆ, ಹೊಡೆತ ಚೆನ್ನಾಗಿತ್ತೆಂಬ ಭ್ರಮೆ ಹುಟ್ಟುತ್ತದೆ. ನೋಡುತ್ತಿರುವ ಎರಡು ಮಾದರಿಗಳಲ್ಲಿ ಒಂದೊಂದರಲ್ಲಿ ಹದಿನೈದು ಚೆಂಡು ಹೊಡೆದು, ಅತ್ಯುತ್ತಮ ಮೂರನ್ನೂ ಅತಿ ಕೆಟ್ಟ ಮೂರನ್ನೂ ಬಿಟ್ಟು, ಉಳಿದ ಒಂಬತ್ತು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ನೋಡಿ. ಅಂಗಡಿಯಲ್ಲಿ ಎಲ್ಲರೂ ಅತ್ಯುತ್ತಮ ಒಂದನ್ನು ನೋಡಿ ಹಣ ಕೊಡುತ್ತಾರೆ; ಆಟದಲ್ಲಿ ಬರುವುದು ಈ ಒಂಬತ್ತು. ಲೈ, ಅಂದರೆ ತಳ ನೆಲದ ಮೇಲೆ ಕೂರುವ ಕೋನವನ್ನು ನೋಡಲು ಒಂದು ಸರಳ ಉಪಾಯವಿದೆ. ಚೆಂಡಿನ ಹಿಂಬದಿಯಲ್ಲಿ ಮಾರ್ಕರ್‌ನಿಂದ ದಪ್ಪ ಗೆರೆಯೊಂದನ್ನು ಎಳೆದು, ಗೆರೆ ನೇರವಾಗಿ ನಿಲ್ಲುವಂತೆ ಚೆಂಡನ್ನಿಟ್ಟು ಹೊಡೆಯಿರಿ. ಐರನ್‌ನ ಮುಖದ ಮೇಲೆ ಮೂಡುವ ಶಾಯಿಯ ಗೆರೆ ಗ್ರೂವ್‌ಗಳಿಗೆ ಲಂಬವಾಗಿದ್ದರೆ ಲೈ ಸರಿಯಿದೆ. ವಾಲಿದ್ದರೆ, ಫೋರ್ಜ್ಡ್ ಐರನ್‌ಗಳನ್ನು ನುರಿತ ಕೆಲಸಗಾರರು ಒಂದೆರಡು ಡಿಗ್ರಿ ಬಾಗಿಸಿ ಕೊಡುತ್ತಾರೆ. ಬಲಗೈ ಆಟಗಾರರಿಗೆ, ತುದಿ ಮೇಲೆದ್ದ ಐರನ್ ಚೆಂಡನ್ನು ಎಡಕ್ಕೆ ಒಯ್ಯುತ್ತದೆ. ಇದನ್ನು ತಿಳಿಯದೆ ಸ್ವಿಂಗನ್ನೇ ತಿದ್ದಲು ಹೋಗಿ ವರ್ಷಗಟ್ಟಲೆ ಕಷ್ಟಪಟ್ಟವರನ್ನು ಕಂಡಿದ್ದೇನೆ.

ಹೊಸ ಸೆಟ್ ಕೊಂಡರೆ ಇನ್ನೊಂದು ಜಾಗದಲ್ಲಿ ತೂತು ಬೀಳುತ್ತದೆ. ನಿಮ್ಮ ಹಳೆಯ ಪಿಚಿಂಗ್ ವೆಜ್ 47 ಅಥವಾ 48 ಡಿಗ್ರಿ ಇದ್ದೀತು, ಸ್ಯಾಂಡ್ ವೆಜ್ 56. ಹೊಸ ಸೆಟ್‌ನ ಪಿಚಿಂಗ್ ವೆಜ್ ಹಲವು ಬಾರಿ 43ರ ಆಸುಪಾಸಿನಲ್ಲಿರುತ್ತದೆ. ನಡುವೆ ಉಳಿಯುವ 13 ಡಿಗ್ರಿ ಎಂದರೆ, 80ರಿಂದ 110 ಗಜದೊಳಗಿನ ಹೊಡೆತಕ್ಕೆ ನಿಮ್ಮ ಬ್ಯಾಗ್‌ನಲ್ಲಿ ಪೂರ್ಣ ಸ್ವಿಂಗ್‌ನ ಕ್ಲಬ್ಬೇ ಇಲ್ಲ ಎಂದಂತೆ. ಆ ದೂರ ಮಧ್ಯವಯಸ್ಸಿನ ಆಟಗಾರರಿಗೆ ಆಗಾಗ ಎದುರಾಗುತ್ತದೆ. ಆದ್ದರಿಂದ 48 ಅಥವಾ 49 ಡಿಗ್ರಿಯ ಗ್ಯಾಪ್ ವೆಜ್ಜನ್ನು ಸೆಟ್‌ನ ಜೊತೆಗೇ ಲೆಕ್ಕ ಹಾಕಿ. ಅದಕ್ಕೆ ಬೇಕಾದ ಜಾಗವನ್ನು ಇನ್ನೊಂದು ತುದಿಯಲ್ಲಿ ಪಡೆಯಬಹುದು: 3 ಮತ್ತು 4 ಐರನ್ ಬೇಡ. ಈಗಿನ 4 ಐರನ್‌ನ 20 ಡಿಗ್ರಿ ಲಾಫ್ಟ್‌ನಿಂದ ಚೆಂಡನ್ನು ಮೇಲೆತ್ತುವ ವೇಗ ನಮ್ಮ ವಯಸ್ಸಿನವರಲ್ಲಿ ಅಪರೂಪ. 5 ಅಥವಾ 6ರಿಂದ ಆರಂಭವಾಗುವ ಸೆಟ್ ಕೊಂಡು, ಮೇಲಕ್ಕೆ ಒಂದೆರಡು ಹೈಬ್ರಿಡ್ (ಉದ್ದ ಐರನ್‌ಗಳ ಬದಲಿಗೆ ಬಳಸುವ, ದಪ್ಪ ತಲೆಯ ಕ್ಲಬ್) ಸೇರಿಸಿ. ಬ್ಯಾಗ್‌ನಲ್ಲಿ ಒಟ್ಟು 14 ಕ್ಲಬ್‌ಗಳನ್ನು ಮೀರುವಂತಿಲ್ಲ ಎಂಬ ನಿಯಮ ಹಾಗೆಯೇ ಇದೆ.

ನೀವು ಕೇಳದಿದ್ದರೂ ಒಂದು ಮಾತು. 2010ರ ಜನವರಿಯಿಂದ 25 ಡಿಗ್ರಿ ಮತ್ತು ಅದಕ್ಕೂ ಹೆಚ್ಚಿನ ಲಾಫ್ಟ್‌ನ ಕ್ಲಬ್‌ಗಳ ಗ್ರೂವ್‌ಗಳ ಮೇಲೆ ಹೊಸ ಮಿತಿ ಬಂದಿದೆ. ಅದಕ್ಕೂ ಹಿಂದಿನ, ಆ ಕಾಲದ ನಿಯಮಕ್ಕೆ ಒಪ್ಪುವ ಸೆಟ್‌ಗಳನ್ನು ಸಾಮಾನ್ಯ ಆಟದಲ್ಲಿ ಬಳಸಲು ಅಡ್ಡಿಯಿಲ್ಲ. ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಮಾತ್ರ ಸ್ಥಳೀಯ ನಿಯಮದ ಮೂಲಕ ನಿರ್ಬಂಧಿಸಬಹುದು. ಚಾಮುಂಡಿ ಬೆಟ್ಟದ ನೆರಳಿನಲ್ಲಿ ಸ್ನೇಹಿತರೊಂದಿಗೆ ಆಡುವ ಮುಂಜಾನೆಯ ಆಟಕ್ಕೆ ನಿಮ್ಮ 2002ರ ಐರನ್‌ಗಳು ಸಂಪೂರ್ಣ ನಿಯಮಬದ್ಧ.

ಪ್ರಶ್ನೆ: ಮಕ್ಕಳು ಹುಟ್ಟಿದ ಮೇಲೆ ಹನ್ನೆರಡು ವರ್ಷ ಆಟ ಬಿಟ್ಟಿದ್ದೆ. ನನ್ನ ಸೆಟ್ ಕಳೆದುಹೋಗಿದೆ. ಪತಿಯ ಹಳೆಯ ಸ್ಟೀಲ್ ಐರನ್‌ಗಳನ್ನು ಒಂದಿಂಚು ಕತ್ತರಿಸಿ ಬಳಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಬೇಡ. ಶಾಫ್ಟ್ ಕತ್ತರಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಅರ್ಧ ಇಂಚಿಗೆ ಸ್ವಿಂಗ್‌ವೇಟ್ (ಬೀಸುವಾಗ ತಲೆ ಎಷ್ಟು ಭಾರವೆನಿಸುತ್ತದೆ ಎಂಬುದರ ಅಳತೆ) ಸುಮಾರು ಮೂರು ಅಂಕ ಇಳಿಯುವುದರಿಂದ, ಒಂದಿಂಚು ಕತ್ತರಿಸಿದ ಮೇಲೆ ತಲೆ ಎಲ್ಲಿದೆ ಎಂಬುದೇ ಕೈಗೆ ತಿಳಿಯದಂತಾಗುತ್ತದೆ. ಕೊನೆಗೆ ನಿಮ್ಮ ಪಾಲಿಗೆ ಉಳಿಯುವುದು ಇನ್ನೂ ಭಾರವಾಗಿರುವ ಮತ್ತು ಬಾಗದ ಒಂದು ಕೋಲು. ಹಗುರ ಗ್ರಾಫೈಟ್ ಶಾಫ್ಟ್‌ನ, 6 ಅಥವಾ 7ರಿಂದ ಆರಂಭವಾಗುವ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಸೆಟ್ ಹುಡುಕಿ. ‘ಲೇಡೀಸ್’ ಎಂಬ ಪಟ್ಟಿಯೊಂದನ್ನೇ ನೆಚ್ಚಬೇಡಿ; ನೀವು ಎತ್ತರವಾಗಿದ್ದರೆ ಅಥವಾ ಮೊದಲು ಬೇರೆ ಆಟ ಆಡಿದವರಾಗಿದ್ದರೆ ಪುರುಷರ ‘ಸೀನಿಯರ್’ (‘ರೆಗ್ಯುಲರ್’ಗಿಂತ ಮೃದುವಾದ) ಶಾಫ್ಟ್ ನಿಮಗೆ ಹೆಚ್ಚು ಒಪ್ಪಬಹುದು. ದೂರ ಕಡಿಮೆಯಾಗಿದೆ ಎಂಬ ಕೊರಗು ಬೇಡ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅಲ್ಲಿದ್ದವರಲ್ಲಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದೂ, ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ 4ನೇ ಸ್ಥಾನ ಪಡೆದರು.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಐರನ್ ಕೊಳ್ಳುವಾಗ ಏನನ್ನು ಪರಿಶೀಲಿಸಬೇಕು?
– ಓದುಗರು, ಮಂಗಳೂರು

ಉತ್ತರ: ಕರಾವಳಿಯವರಾದ ನೀವು ಮೊದಲು ತುಕ್ಕನ್ನು ನೋಡಿ. ಸ್ಟೀಲ್ ಶಾಫ್ಟ್‌ನ ಹೊರಮೈ ಮಿನುಗುತ್ತಿದ್ದರೂ ಒಳಗೆ ತೇವ ಸೇರಿ ತುಕ್ಕು ತಿಂದಿರಬಹುದು. ಕ್ಲಬ್ಬನ್ನು ತಲೆಕೆಳಗಾಗಿ ಹಿಡಿದು ನಿಧಾನವಾಗಿ ಅಲುಗಿಸಿದಾಗ ಒಳಗೆ ಏನಾದರೂ ಉದುರುವ ಸದ್ದು ಬಂದರೆ ಬಿಟ್ಟುಬಿಡಿ. ಶಾಫ್ಟ್ ತಲೆಗೆ ಸೇರುವ ಕಡೆಯ ಕಪ್ಪು ಉಂಗುರ, ಅಂದರೆ ಫೆರುಲ್, ಮೇಲಕ್ಕೆ ಜರುಗಿದ್ದರೆ ಅಂಟು ಸಡಿಲವಾಗಿರುವ ಸಾಧ್ಯತೆಯಿದೆ. ಎಲ್ಲ ಐರನ್‌ಗಳನ್ನೂ ಸಾಲಾಗಿ ಗೋಡೆಗೆ ಒರಗಿಸಿ, ಉದ್ದ ಮೆಟ್ಟಿಲಿನಂತೆ ಸಮನಾಗಿ ಇಳಿಯುತ್ತದೆಯೇ ನೋಡಿ; ನಡುವೆ ಒಂದು ಹೆಚ್ಚುಕಡಿಮೆಯಾಗಿದ್ದರೆ ಅದರ ಶಾಫ್ಟನ್ನು ಯಾರೋ ಬದಲಾಯಿಸಿದ್ದಾರೆ. ವೆಜ್‌ಗಳ ಗ್ರೂವ್ ಮೇಲೆ ಉಗುರನ್ನು ಎಳೆದಾಗ ಅಂಚು ತಡೆಯಬೇಕು. ನಂಬಲಾಗದಷ್ಟು ಅಗ್ಗವಾಗಿ ಸಿಗುವ ಹೊಚ್ಚಹೊಸ ಹೆಸರಾಂತ ಸೆಟ್ ನಕಲಿಯಾಗಿರುವುದೇ ಹೆಚ್ಚು, ಅದನ್ನು ಮುಟ್ಟಬೇಡಿ. ಬೆಲೆ ಒಪ್ಪುವ ಮೊದಲು ಹೊಸ ಗ್ರಿಪ್‌ಗಳ ಖರ್ಚನ್ನೂ ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಆಟ ಮುಗಿದ ದಿನವೇ ಶಾಫ್ಟ್‌ಗಳನ್ನು ಒರೆಸಿ, ಬ್ಯಾಗಿನಿಂದ ಹೊರಗೆ ಒಣಗಲು ಇಡಿ.