ಕ್ರೂಸ್ ಹಡಗಿನಿಂದ ಇಳಿದು ನಾವೇ ಊರು ನೋಡಿ ಬರಬಹುದೇ?

ಸಿಂಧನೂರಿನಿಂದ ತಂದೆತಾಯಿಯನ್ನು ಕರೆದುಕೊಂಡು ಹೋಗಿ ಸಿಂಗಾಪುರದಲ್ಲಿ ಹಡಗು ಹತ್ತುತ್ತೇವೆ, ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ನೋಡಿ ಬರುತ್ತೇವೆ, ಹಡಗಿನವರು ಊರು ತೋರಿಸಲು ಏರ್ಪಡಿಸುವ ಪ್ರವಾಸ ಹಗಲುದರೋಡೆ, ಹಡಗು ನಿಲ್ಲುವ ಧಕ್ಕೆಯಿಂದ ಊರೊಳಗೆ ಹೋಗಲು ಟ್ಯಾಕ್ಸಿ, ಆ್ಯಪ್‌ನಲ್ಲಿ ಕರೆಯುವ ಗ್ರ್ಯಾಬ್ ಕಾರು, ಬಸ್ ಇವುಗಳಲ್ಲಿ ಯಾವುದು ಅಗ್ಗ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. ನಾನು ಗಂಗಾವತಿಯವನು. ಇದೇ ಮಾರ್ಗದಲ್ಲಿ, ಇದೇ ರೀತಿ ಅಪ್ಪ, ಅಮ್ಮ, ಹೆಂಡತಿಯನ್ನು ಕಟ್ಟಿಕೊಂಡು, ಇದೇ ಲೆಕ್ಕಾಚಾರ ಹಾಕಿ ಹೋಗಿದ್ದೆ. ಫುಕೆಟ್‌ನಲ್ಲಿ ಹಡಗು ನಮ್ಮ ನಾಲ್ವರನ್ನೂ ದಡದ ಮೇಲೆ ಬಿಟ್ಟು ಹೊರಟುಹೋಯಿತು.

ಮೊದಲ ಎರಡು ಬಂದರುಗಳಲ್ಲಿ ಹೊತ್ತಿಗೆ ಸರಿಯಾಗಿಯೇ ಹಡಗು ಸೇರಿದ್ದೆವು. ನಾವು ಮೈಮರೆಯಲು ಅದೇ ಕಾರಣವಾಯಿತು. ಫುಕೆಟ್‌ನಲ್ಲಿ ಹಡಗು ಧಕ್ಕೆಗೆ ತಾಗಲಿಲ್ಲ. ಪಟಾಂಗ್ ಕಡಲತೀರದ ಎದುರು ನೀರಿನಲ್ಲೇ ಲಂಗರು ಹಾಕಿತು. ಟೆಂಡರ್ ಎಂದು ಕರೆಯುವ ಸಣ್ಣ ದೋಣಿಗಳಲ್ಲಿ ಜನರನ್ನು ತಂದು ತೇಲುವ ಜೆಟ್ಟಿಯ ಮೇಲೆ ಇಳಿಸುತ್ತಿದ್ದರು. ಜೆಟ್ಟಿಯ ತುದಿಯಲ್ಲಿ ಹಡಗಿನ ಸಿಬ್ಬಂದಿ ಕೊಡೆ ನೆಟ್ಟು, ಮೇಜು ಹಾಕಿ, ಬಂದವರಿಗೆಲ್ಲ ತಣ್ಣನೆಯ ನೀರು ಕೊಡುತ್ತಿದ್ದರು. ಪಕ್ಕದ ಫಲಕದಲ್ಲಿ ಕೊನೆಯ ಟೆಂಡರ್ ಸಂಜೆ 5.30ಕ್ಕೆ ಎಂದು ಬರೆದಿತ್ತು. ಅದನ್ನು ನಾನು ನೋಡಿದೆ, ನೆನಪಿಟ್ಟುಕೊಂಡೆ, ಹೆಂಡತಿಗೂ ಹೇಳಿದೆ.

ಅಲ್ಲಿಂದ ಟ್ಯಾಕ್ಸಿ ಹಿಡಿದು, ಪಟಾಂಗ್‌ನ ಗುಡ್ಡ ಹತ್ತಿಳಿದು ಫುಕೆಟ್‌ನ ಹಳೆಯ ಪೇಟೆಗೆ ಹೋದೆವು. ಥಲಾಂಗ್ ಬೀದಿಯ ಬಣ್ಣಬಣ್ಣದ ಹಳೆಯ ಅಂಗಡಿಮನೆಗಳನ್ನು ನೋಡುತ್ತ ಅಮ್ಮ ಬಿಸಿಲನ್ನೂ ಮರೆತಿದ್ದಳು. ಒಂದು ಅಂಗಡಿಯಲ್ಲಿ ಎಳನೀರು ಕುಡಿಯುತ್ತಿರುವಾಗ ಅಪ್ಪ ಮಣಿಕಟ್ಟು ತಿರುಗಿಸಿ ನೋಡಿ, "ನಾಲ್ಕೂಮುಕ್ಕಾಲು ಆಯಿತು, ಏಳೋಣ" ಎಂದರು. ನಾನು ಮೊಬೈಲ್ ನೋಡಿದೆ. ಮೂರೂಮುಕ್ಕಾಲು. "ಅಪ್ಪ, ನಿಮ್ಮ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತಿದೆ" ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಅವರ ಹಳೆಯ ಎಚ್‌ಎಂಟಿ ಗಡಿಯಾರವನ್ನು ಬಿಚ್ಚಿಸಿಕೊಂಡು, ಕೀಲಿ ಎಳೆದು, ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ನಾನೇ ಕೈಗೆ ಕಟ್ಟಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗೇಟುಗಳ ಮೇಲೆ ಜೀವನವಿಡೀ ದುಡಿದ ಮನುಷ್ಯ ಅವರು. ಯಾವ ಹೊತ್ತಿಗೆ ಯಾವ ತೂಬು ತೆರೆಯಬೇಕು ಎಂಬುದರಲ್ಲಿ ಒಂದು ನಿಮಿಷವೂ ಆಚೀಚೆ ಮಾಡಿದವರಲ್ಲ. ಆದರೂ ಮಗ ಹೇಳಿದನೆಂದು ಸುಮ್ಮನಾದರು.

ಆ ಗಡಿಯಾರ ಸರಿಯಾಗಿಯೇ ಇತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಎರಡು ಸಲ ಓದಿ. ಹಡಗಿಗೆ ತನ್ನದೇ ಸಮಯ ಇರುತ್ತದೆ. ನಮ್ಮ ಹಡಗು ಸಿಂಗಾಪುರದಿಂದ ಹೊರಟದ್ದು, ಇಡೀ ಪ್ರಯಾಣಕ್ಕೆ ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿತ್ತು. ಮಲೇಷ್ಯಾದ ಸಮಯವೂ ಅದೇ. ಹಾಗಾಗಿ ಪೋರ್ಟ್ ಕ್ಲಾಂಗ್‌ನಲ್ಲೂ ಪೆನಾಂಗ್‌ನಲ್ಲೂ ಮೊಬೈಲಿನ ಗಡಿಯಾರ, ಹಡಗಿನ ಗಡಿಯಾರ, ಊರಿನ ಗಡಿಯಾರ ಮೂರೂ ಒಂದೇ ಹೇಳುತ್ತಿದ್ದವು. ಮೊಬೈಲನ್ನು ನಂಬುವುದು ಅಭ್ಯಾಸವಾಗಿಬಿಟ್ಟಿತು. ಥಾಯ್ಲೆಂಡ್ ಮಾತ್ರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ ಇದೆ. ಪಟಾಂಗ್‌ನ ದಡದಲ್ಲಿ ಕಾಲಿಟ್ಟು ಅಲ್ಲಿನ ನೆಟ್‌ವರ್ಕ್ ಹಿಡಿದ ಕ್ಷಣವೇ ಮೊಬೈಲ್ ತಾನಾಗಿ ಒಂದು ಗಂಟೆ ಹಿಂದಕ್ಕೆ ಸರಿದಿತ್ತು. ಅದು ಸದ್ದು ಮಾಡಲಿಲ್ಲ, ಕೇಳಲಿಲ್ಲ, ತಿಳಿಸಲಿಲ್ಲ. ಫಲಕದ ಮೇಲಿದ್ದ 5.30 ಹಡಗಿನ ಸಮಯ. ಮೊಬೈಲಿನ ಲೆಕ್ಕದಲ್ಲಿ ಅದು 4.30. ಹಿಂದಿನ ರಾತ್ರಿ ಕೋಣೆಗೆ ಬಂದಿದ್ದ ಮರುದಿನದ ಕಾರ್ಯಕ್ರಮದ ಹಾಳೆಯಲ್ಲಿ, ಇಲ್ಲಿನ ಎಲ್ಲ ವೇಳೆಯೂ ಹಡಗಿನ ಸಮಯ ಎಂದು ಕೆಳಗೆ ಒಂದು ಸಾಲು ಅಚ್ಚಾಗಿತ್ತು. ನಾನು ಮೇಲಿನ ಅಂಕಿ ಓದಿ ಹಾಳೆಯನ್ನು ಮಂಚದ ಮೇಲೆ ಬಿಟ್ಟು ಬಂದಿದ್ದೆ.

ನಮ್ಮ ಟ್ಯಾಕ್ಸಿ ಗುಡ್ಡದ ರಸ್ತೆಯ ದಟ್ಟಣೆ ದಾಟಿ ತೀರಕ್ಕೆ ಬಂದಾಗ ಮೊಬೈಲಿನಲ್ಲಿ ಐದಕ್ಕೆ ಐದು ನಿಮಿಷ. ಅರ್ಧ ಗಂಟೆಗೂ ಹೆಚ್ಚು ಉಳಿದಿದೆ ಎಂದು ಖುಷಿಯಿಂದ ಇಳಿದೆ. ಜೆಟ್ಟಿಯ ಮೇಲೆ ಕೊಡೆ ಇರಲಿಲ್ಲ. ಮೇಜು ಇರಲಿಲ್ಲ. ಮೇಜಿನ ನಾಲ್ಕು ಕಾಲುಗಳು ಊರಿದ್ದ ಜಾಗದಲ್ಲಿ ನೀರಿನ ಗುರುತು ಇನ್ನೂ ಆರಿರಲಿಲ್ಲ. ಹಡಗು ಕಣ್ಣೆದುರಿಗೇ ಇತ್ತು, ಆದರೆ ಅದರ ಮೂತಿ ತೆರೆದ ಕಡಲಿನ ಕಡೆಗೆ ತಿರುಗುತ್ತಿತ್ತು. ಅಮ್ಮ ಕೈ ಬೀಸಿದಳು. ಅಪ್ಪ ಒಂದು ಮಾತೂ ಆಡದೆ ಗಡಿಯಾರದ ಮುಳ್ಳನ್ನು ಮತ್ತೆ ಮುಂದಕ್ಕೆ ತಿರುಗಿಸಿಕೊಂಡರು.

ಆಮೇಲಿನದು ಬೇಗ ಹೇಳುತ್ತೇನೆ. ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ಮಾಡುವ ಏಜೆಂಟ್ ಒಬ್ಬರು ಇರುತ್ತಾರೆ, ಅವರ ದೂರವಾಣಿ ಸಂಖ್ಯೆ ಅದೇ ಕಾರ್ಯಕ್ರಮದ ಹಾಳೆಯಲ್ಲಿರುತ್ತದೆ. ಹಾಳೆ ಹಡಗಿನಲ್ಲಿತ್ತು. ಥಾಯ್ಲೆಂಡಿನಲ್ಲಿ ಪ್ರವಾಸಿಗರಿಗೆಂದೇ ಪೊಲೀಸರು ಇದ್ದಾರೆ, ಸಂಖ್ಯೆ 1155. ಅವರ ಮೂಲಕ ಏಜೆಂಟ್ ಸಿಕ್ಕರು. ಯಾರಾದರೂ ಹತ್ತಲಿಲ್ಲ ಎಂದು ಗೊತ್ತಾದಾಗ ಸಿಬ್ಬಂದಿ ಅವರ ಪಾಸ್‌ಪೋರ್ಟ್ ತೆಗೆದು ಏಜೆಂಟ್ ಕೈಗೆ ಕೊಟ್ಟು ಹೋಗುವುದು ವಾಡಿಕೆ. ನಮ್ಮವೂ ಹಾಗೆಯೇ ಒಂದು ಲಕೋಟೆಯಲ್ಲಿ ಬಂದವು. ಅಮ್ಮನ ರಕ್ತದೊತ್ತಡದ ಮಾತ್ರೆ ಮಾತ್ರ ಬರಲಿಲ್ಲ. ಆ ಮಾತ್ರೆಯ ಹೆಸರು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಆ ರಾತ್ರಿ ಗಂಗಾವತಿಯ ಔಷಧಿ ಅಂಗಡಿಗೆ ಫೋನ್ ಮಾಡಿ ಹೆಸರು ಕೇಳಿಕೊಂಡೆ. ವಲಸೆ ಕಚೇರಿ, ಹೋಟೆಲ್, ನಾಲ್ಕು ಜನರ ವಿಮಾನದ ಟಿಕೆಟ್ ಎಲ್ಲ ಸೇರಿ ಕ್ರೂಸಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಹೋಯಿತು. ಹಡಗು ಮರುದಿನವಿಡೀ ಕಡಲಿನಲ್ಲಿರುತ್ತಿತ್ತು, ಆದ್ದರಿಂದ ಅದಕ್ಕಿಂತ ಮೊದಲೇ ನಾವು ಸಿಂಗಾಪುರ ತಲುಪಿ ನಮ್ಮ ಪೆಟ್ಟಿಗೆಗಳಿಗಾಗಿ ಕಾದು ಕುಳಿತೆವು.

ಈಗ ನಿಮ್ಮ ಪ್ರಶ್ನೆ. ಯಾವ ವಾಹನ ಅಗ್ಗ ಎಂಬ ಪ್ರಶ್ನೆಯನ್ನು ಸದ್ಯ ಬದಿಗಿಡಿ. ವಿರೂಪಾಪುರ ಗಡ್ಡೆಗೆ ಹೋಗಿ ಹಂಪಿಗೆ ಮರಳುವ ಕೊನೆಯ ದೋಣಿ ತಪ್ಪಿಸಿಕೊಂಡವರ ಪಾಡು ನಿಮಗೂ ಗೊತ್ತಿರಬಹುದು. ಹಂಪಿ ಎದುರು ದಡದಲ್ಲೇ ಕಾಣುತ್ತಿರುತ್ತದೆ, ರಸ್ತೆ ಸುತ್ತಿ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆ ಗಡ್ಡೆಗೆ ಹೋಗುವಾಗ ದೋಣಿಯ ದರ ಕೇಳುವ ಮೊದಲು ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳುತ್ತೇವೆ. ಇಲ್ಲಿಯೂ ಅದನ್ನೇ ಮೊದಲು ಕೇಳಬೇಕು. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಅವರ ಹೆಚ್ಚಿನ ದರದಲ್ಲಿ ಈ ಕಾಯುವಿಕೆಯ ಬೆಲೆಯೂ ಸೇರಿದೆ. ಅದನ್ನು ಹಗಲುದರೋಡೆ ಎಂದು ನಾನು ಒಪ್ಪುವುದಿಲ್ಲ. ಕೆಲವು ಬಂದರುಗಳಲ್ಲಿ ಆ ಬೆಲೆ ಕೊಡುವುದು ವ್ಯರ್ಥ, ಕೆಲವು ಕಡೆ ಕಣ್ಣು ಮುಚ್ಚಿ ಕೊಡಬೇಕು.

ಪೆನಾಂಗ್‌ನಲ್ಲಿ ವ್ಯರ್ಥ. ಅಲ್ಲಿ ಸ್ವೆಟ್ಟನ್‌ಹ್ಯಾಮ್ ಧಕ್ಕೆ ಜಾರ್ಜ್ ಟೌನ್ ಊರಿಗೇ ಅಂಟಿಕೊಂಡಿದೆ. ಗೇಟಿನಲ್ಲಿ ಟ್ಯಾಕ್ಸಿಯವರು ಎಲ್ಲವೂ ದೂರ ಎನ್ನುತ್ತಾರೆ, ನಂಬಬೇಡಿ. ಹೊರಗೆ ಬಂದ ಕೂಡಲೇ ಗಡಿಯಾರ ಗೋಪುರ, ಅದರ ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಬಂದಿಳಿದ ಜಾಗ ಅದು. ಇನ್ನು ಸ್ವಲ್ಪ ನಡೆದರೆ ಲಿಟಲ್ ಇಂಡಿಯಾ. ಕ್ವೀನ್ ಬೀದಿಯಲ್ಲಿ 1833ರ ಮಾರಿಯಮ್ಮನ ಗುಡಿ ಇದೆ, ಸುತ್ತಮುತ್ತ ಬಾಳೆಎಲೆ ಊಟ ಸಿಗುತ್ತದೆ, ನಿಮ್ಮ ತಾಯಿಗೆ ಹೊಟ್ಟೆತುಂಬ ಅನ್ನ ಸಾರು ಆಗುತ್ತದೆ. ಊರೊಳಗೆ ತಿರುಗಲು ಕ್ಯಾಟ್ ಎಂಬ ಉಚಿತ ಬಸ್ ಇದೆ. ಪೆನಾಂಗ್ ಬೆಟ್ಟಕ್ಕೆ ಹೋಗಬೇಕೆಂದರೆ ಜೆಟ್ಟಿ ಬಸ್ ನಿಲ್ದಾಣದಿಂದ 204ನೇ ಸಂಖ್ಯೆಯ ಬಸ್ ಹೋಗುತ್ತದೆ. ಆದರೆ ಮೇಲೇರುವ ಹಳಿಬಂಡಿಗೆ ಸಾಲು ಉದ್ದವಿದ್ದರೆ ಅರ್ಧ ದಿನ ಅಲ್ಲಿಯೇ ಕಳೆಯುತ್ತದೆ. ನಾನಾಗಿದ್ದರೆ ಬೆಟ್ಟ ಬಿಟ್ಟು ಬೀದಿ ಸುತ್ತುತ್ತೇನೆ.

ಪೋರ್ಟ್ ಕ್ಲಾಂಗ್‌ನಲ್ಲಿ ಹಡಗಿನ ಬಸ್ಸನ್ನೇ ಹತ್ತಿ. ನಿಮ್ಮ ಟಿಕೆಟ್ ಮೇಲೆ ಕೌಲಾಲಂಪುರ ಎಂದು ದೊಡ್ಡದಾಗಿ ಬರೆದಿರುತ್ತದೆ. ಹಡಗು ನಿಲ್ಲುವುದು ಪುಲಾವ್ ಇಂದಾ ಎಂಬ ದ್ವೀಪದಲ್ಲಿ, ಅಲ್ಲಿಂದ ಕೌಲಾಲಂಪುರ 50 ಕಿಲೋಮೀಟರಿಗೂ ಹೆಚ್ಚು. ಪೆಲಾಬುಹಾನ್ ಕ್ಲಾಂಗ್ ಎಂಬ ರೈಲು ನಿಲ್ದಾಣವಿದೆ, ಲೋಕಲ್ ರೈಲಿನ ದರ ಬಹಳ ಕಡಿಮೆ ಎಂದು ಯಾರಾದರೂ ಹೇಳುತ್ತಾರೆ. ಅದು ನಿಜ. ಆದರೆ ಆ ನಿಲ್ದಾಣ ಹಡಗಿನ ಧಕ್ಕೆಯ ಬಳಿ ಇಲ್ಲ, ಅಲ್ಲಿಗೇ ಮೊದಲು ಟ್ಯಾಕ್ಸಿ ಬೇಕು. ಅಲ್ಲಿಂದ ಕೌಲಾಲಂಪುರದ ಮುಖ್ಯ ನಿಲ್ದಾಣ ಕೆಎಲ್ ಸೆಂಟ್ರಲ್‌ಗೆ ರೈಲಿನಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬಟು ಗುಹೆಯ ಮುರುಗನ್ ನೋಡಬೇಕೆಂದರೆ ಅಲ್ಲಿ ಇನ್ನೊಂದು ರೈಲು ಬದಲಿಸಬೇಕು, ಕೊನೆಯಲ್ಲಿ 272 ಮೆಟ್ಟಿಲು. ನಾವು ಒಂದು ಕಾರು ಮಾಡಿಕೊಂಡು ಹೋಗಿ, 42 ಮೀಟರಿಗೂ ಎತ್ತರದ ಆ ಮೂರ್ತಿಗೆ ಕೆಳಗಿನಿಂದಲೇ ಕೈಮುಗಿದು, ಅವಳಿ ಗೋಪುರಗಳನ್ನು ಕಾರಿನ ಕಿಟಕಿಯಿಂದ ನೋಡಿ, ಹೆದ್ದಾರಿಯ ದಟ್ಟಣೆಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಮರಳಿದೆವು. ವಯಸ್ಸಾದವರ ಜೊತೆ ಅದು ಬೇಡ. ದುಡ್ಡು ಉಳಿಸಲೇಬೇಕೆಂದರೆ ಆ ದಿನ ಹಡಗಿನಲ್ಲೇ ಇರಿ. ಎಲ್ಲರೂ ಇಳಿದು ಹೋಗಿರುತ್ತಾರೆ, ಊಟ ಹೇಗೂ ಉಚಿತ.

ಟಿಕೆಟ್ ಮೇಲಿನ ಊರಿನ ಹೆಸರು ನಂಬಬಾರದು ಎನ್ನುವುದು ಎಲ್ಲ ಕಡೆಗೂ ಅನ್ವಯಿಸುತ್ತದೆ. ಬ್ಯಾಂಕಾಕ್ ಎಂದು ಬರೆದ ಹಡಗು ನಿಲ್ಲುವ ಲಾಮ್ ಚಬಾಂಗ್ ನಗರದಿಂದ 100 ಕಿಲೋಮೀಟರಿಗೂ ದೂರ. ಇಟಲಿಯಲ್ಲಿ ರೋಮ್ ಎಂದರೆ ಚಿವಿಟಾವೆಕಿಯಾ, ಅಲ್ಲಿಂದ ರೋಮ್ ಸುಮಾರು 70 ಕಿಲೋಮೀಟರ್. ಫ್ಲಾರೆನ್ಸ್ ಎಂದರೆ ಲಿವೊರ್ನೊ, ಆ ಬಂದರಿನೊಳಗೆ ನಡೆದು ಹೋಗಲು ಬಿಡುವುದೇ ಇಲ್ಲ, ಗೇಟಿನವರೆಗೆ ಶಟಲ್ ಬಸ್ ಹತ್ತಲೇಬೇಕು. ಫುಕೆಟ್‌ನ ನಂತರವೂ ನಾನು ಕ್ರೂಸ್ ಹೋಗುವುದನ್ನು ಬಿಡಲಿಲ್ಲ. ಚಿವಿಟಾವೆಕಿಯಾದಲ್ಲಿ ಹೆಂಡತಿಯ ಜೊತೆ ರೈಲಿನಲ್ಲೇ ಹೋಗಿ, ವ್ಯಾಟಿಕನ್ ಪಕ್ಕದ ಸ್ಯಾನ್ ಪಿಯೆಟ್ರೊ ನಿಲ್ದಾಣದಲ್ಲಿ ಇಳಿದು, ನಿಶ್ಚಿಂತೆಯಿಂದ ಮರಳಿದ್ದೇನೆ. ರೈಲು ಮೇಲಿಂದ ಮೇಲೆ ಇದ್ದುದರಿಂದ ಒಂದು ತಪ್ಪಿದರೂ ಇನ್ನೊಂದು ಸಿಗುವಂತಿತ್ತು. ಸ್ವಂತವಾಗಿ ಹೋಗುವ ಧೈರ್ಯ ಮಾಡಬೇಕಾದದ್ದು ಅಂಥ ಊರಿನಲ್ಲಿ. ಅಥೆನ್ಸ್ ಕೂಡ ಹಾಗೆಯೇ, ಪಿರೇಯಸ್ ಬಂದರಿಗೆ 2022ರಿಂದ ಮೆಟ್ರೊದ ಮೂರನೇ ಮಾರ್ಗವೂ ಬಂದಿದೆ.

ಗ್ರ್ಯಾಬ್ ವಿಷಯ. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಮೂರರಲ್ಲೂ ನಡೆಯುತ್ತದೆ, ದರ ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ. ಆದರೆ ಆ್ಯಪ್ ಹಾಕಿಕೊಂಡು ನೋಂದಣಿ ಮಾಡುವ ಕೆಲಸವನ್ನು ಸಿಂಧನೂರಿನಲ್ಲೇ ಮುಗಿಸಿ. ಒಟಿಪಿ ನಿಮ್ಮ ಊರಿನ ಸಿಮ್‌ಗೆ ಬರುತ್ತದೆ, ಧಕ್ಕೆಯ ಮೇಲೆ ನಿಂತು ಅದಕ್ಕೆ ಕಾಯುವ ಹಾಗಾಗಬಾರದು. ಸಿಂಗಾಪುರದಲ್ಲಿ ಹಡಗು ಹತ್ತುವ ಜಾಗಗಳು ಎರಡು, ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್ ಇನ್ನೊಂದು. ನಿಮ್ಮ ಟಿಕೆಟ್‌ನಲ್ಲಿ ಯಾವುದಿದೆ ನೋಡಿ. ಎರಡಕ್ಕೂ ಮೆಟ್ರೊ ಇದೆ, ಮರೀನಾ ಬೇ ಆದರೆ ಮರೀನಾ ಸೌತ್ ಪಿಯರ್ ನಿಲ್ದಾಣದಲ್ಲಿ ಇಳಿಯಬೇಕು.

ಫುಕೆಟ್‌ನಲ್ಲಿ ಇಳಿಯುವ ಮುನ್ನ ಮೊಬೈಲಿನ ಸೆಟ್ಟಿಂಗ್‌ಗೆ ಹೋಗಿ, ಸಮಯ ತಾನಾಗಿ ಬದಲಾಗುವ ವ್ಯವಸ್ಥೆಯನ್ನು ನಿಲ್ಲಿಸಿ. ಮನೆಯಲ್ಲಿ ಕೈಗಡಿಯಾರ ಇದ್ದರೆ ತನ್ನಿ, ಹಡಗಿನ ಸ್ವಾಗತ ಮೇಜಿನ ಗಡಿಯಾರಕ್ಕೆ ಹೊಂದಿಸಿ ತಂದೆಯ ಕೈಗೆ ಕಟ್ಟಿ, ಅವರು ಏಳೋಣ ಎಂದ ಕೂಡಲೇ ಎದ್ದುಬಿಡಿ. ಕಾರ್ಯಕ್ರಮದ ಹಾಳೆಯ ಫೋಟೊ ಮೊಬೈಲಿನಲ್ಲಿರಲಿ, ಮೊಬೈಲ್ ಸತ್ತರೆ ಎಂದು ಆ ಹಾಳೆಯೇ ಜೇಬಿನಲ್ಲೂ ಇರಲಿ. ಪಾಸ್‌ಪೋರ್ಟ್‌ನ ನಕಲು, ಒಂದೆರಡು ದಿನದ ಮಾತ್ರೆ, ವೈದ್ಯರ ಚೀಟಿ ಚೀಲದಲ್ಲಿರಬೇಕು. ಗುಡ್ಡದಾಚೆಯ ಪೇಟೆಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಊಟಕ್ಕೆ ಪಟಾಂಗ್‌ಗೆ ಮರಳಿ, ಸಂಜೆಯವರೆಗಿನ ಸಮಯವನ್ನು ಜೆಟ್ಟಿ ಕಣ್ಣಿಗೆ ಕಾಣುವ ಜಾಗದಲ್ಲೇ ಕಳೆಯಿರಿ.

ತಾಯಿಗೆ ಮಂಡಿನೋವು ಎಂದೂ ಬರೆದಿದ್ದೀರಿ. ಹಾಗಿದ್ದರೆ ಫುಕೆಟ್‌ನಲ್ಲಿ ಹಡಗು ಧಕ್ಕೆಗೆ ತಾಗುತ್ತದೆಯೋ ಟೆಂಡರ್ ಹತ್ತಬೇಕೋ ಎಂದು ಹಿಂದಿನ ಸಂಜೆಯೇ ಸ್ವಾಗತ ಮೇಜಿನಲ್ಲಿ ಕೇಳಿ. ಟೆಂಡರ್ ಆದರೆ ಹಡಗಿಗೂ ದೋಣಿಗೂ ನಡುವಿನ ಸಂದು ಅಲೆಗೆ ತಕ್ಕಂತೆ ಏರಿಳಿಯುತ್ತಿರುತ್ತದೆ. ಸಿಬ್ಬಂದಿ ಇಬ್ಬರು ಎರಡೂ ತೋಳು ಹಿಡಿದು ದಾಟಿಸುತ್ತಾರೆ, ಆದರೆ ಆ ಒಂದು ಹೆಜ್ಜೆಯನ್ನು ತಾಯಿಯೇ ಎತ್ತಿ ಇಡಬೇಕು. ನಮ್ಮ ಅಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳು. ಬೆಳಿಗ್ಗೆ ಬೇಗ ಹೋದರೆ ಜನಸಂದಣಿ ಕಡಿಮೆ, ಅವಸರಪಡಿಸುವವರು ಇರುವುದಿಲ್ಲ. ಅಲೆ ಜೋರಾಗಿದ್ದರೆ ತಾಯಿಯನ್ನು ಇಳಿಸಲೇಬೇಡಿ, ಒಬ್ಬರು ಅವರ ಜೊತೆ ಹಡಗಿನಲ್ಲೇ ಉಳಿಯಿರಿ.