ಅಂಕಿ ಕೆತ್ತಿದ ಇಕ್ಕಳ ಯಾವುದಕ್ಕೆ?

ಪ್ರಶ್ನೆ: ಗ್ಯಾರೇಜಿನ ಹಳೆಯ ಪೆಟ್ಟಿಗೆಯಲ್ಲಿ ಇಕ್ಕಳದಂಥ ಉಪಕರಣವೊಂದು ಸಿಕ್ಕಿದೆ. ಹಿಡಿ ಅದುಮಿದರೆ ಮೂತಿಯೊಳಗಿಂದ ಸಣ್ಣ ಉಕ್ಕಿನ ಕಡ್ಡಿ ಮುಂದೆ ಬರುತ್ತದೆ. ಅದರೆದುರು 4ರಿಂದ 12ರವರೆಗೆ ಅಂಕಿಗಳಿರುವ, ತಿರುಗಿಸಬಹುದಾದ ಬಿಲ್ಲೆಯಿದೆ. ಇದೇನು?

ಉತ್ತರ: ನಿಮಗೆ ಸಿಕ್ಕಿರುವುದು ಕೈಗರಗಸದ ಹಲ್ಲುಗಳನ್ನು ಬಾಗಿಸುವ ‘ಸಾ ಸೆಟ್’. ಗರಗಸದ ಹಲ್ಲುಗಳು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ತುಸು ವಾಲಿದ್ದರೆ ಮಾತ್ರ ಕೊಯ್ತದ ಸೀಳು ಅಲಗಿಗಿಂತ ಅಗಲವಾಗಿ, ಅಲಗು ಮರದೊಳಗೆ ಸಿಕ್ಕಿಕೊಳ್ಳದೆ ಸರಾಗವಾಗಿ ಓಡಾಡುತ್ತದೆ. ಹಿಡಿ ಅದುಮಿದಾಗ ಕಡ್ಡಿಯು ಹಲ್ಲಿನ ತುದಿಯನ್ನು ಬಿಲ್ಲೆಯ ಇಳಿಜಾರು ಅಂಚಿಗೆ ಒತ್ತಿ ಬಾಗಿಸುತ್ತದೆ. ಬಿಲ್ಲೆಯ ಅಂಕಿ ಒಂದು ಅಂಗುಲದಲ್ಲಿರುವ ಹಲ್ಲಿನ ಮೊನೆಗಳ ಎಣಿಕೆ. ಹಲ್ಲು ಸಣ್ಣದಾದಷ್ಟೂ ಬಾಗುವಿಕೆ ಕಡಿಮೆಯಿರಬೇಕು. ಮೊದಲು ಒಂದು ಬಿಟ್ಟು ಒಂದು ಹಲ್ಲನ್ನು ಬಾಗಿಸಿ, ಆಮೇಲೆ ಗರಗಸವನ್ನು ಮಗುಚಿ ಉಳಿದವನ್ನು ಬಾಗಿಸಬೇಕು. ಬುಡದಿಂದಲೇ ಬಾಗಿಸಿದರೆ ಹಲ್ಲು ಮುರಿಯುವ ಸಂಭವವಿರುವುದರಿಂದ ಮೇಲಿನ ಅರ್ಧವನ್ನಷ್ಟೇ ಒತ್ತಿರಿ. ಹಲ್ಲಿನ ತುದಿಗಳನ್ನು ವಿಶೇಷವಾಗಿ ಗಡಸುಗೊಳಿಸಿದ ಈಗಿನ ಗರಗಸಗಳ ಮೇಲೆ ಇದನ್ನು ಖಂಡಿತ ಪ್ರಯೋಗಿಸಬೇಡಿ. ಆ ಹಲ್ಲುಗಳು ಬಾಗುವ ಬದಲು ಮುರಿದೇ ಹೋಗುತ್ತವೆ. ಕಡ್ಡಿ ಬಿಗಿಯಾಗಿದ್ದರೆ ತುಕ್ಕು ಉಜ್ಜಿ ತೆಗೆದು, ಒಂದು ಹನಿ ಎಣ್ಣೆ ಬಿಡಿ. ಇಂಥ ಒಳ್ಳೆಯ ಉಪಕರಣವನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.